ತೋಳಿನ ಅಳತೆ ಯಾರ ಹೊಣೆ? ಸ್ತನ ಕ್ಯಾನ್ಸರ್ ಚಿಕಿತ್ಸೆಯ ನಂತರದ ಊತ

ಸ್ತನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ, ಕೀಮೋಥೆರಪಿ, ವಿಕಿರಣ ಚಿಕಿತ್ಸೆ ಮೂರನ್ನೂ ಮುಗಿಸಿ ಮನೆಗೆ ಮರಳಿದ ತಾಯಂದಿರಲ್ಲಿ ಕೆಲವರು ಹಲವು ತಿಂಗಳುಗಳ ನಂತರ ಒಂದು ಸಣ್ಣ ದೂರನ್ನು ಹೇಳತೊಡಗುತ್ತಾರೆ. ಶಸ್ತ್ರಚಿಕಿತ್ಸೆಯಾದ ಬದಿಯ ಕೈಯ ಬಳೆ ಬಿಗಿಯಾಗಿದೆ, ಕುಪ್ಪಸದ ತೋಳು ಏರುತ್ತಿಲ್ಲ, ಸಂಜೆಯಾಗುತ್ತಲೇ ತೋಳು ಭಾರವೆನಿಸುತ್ತದೆ. ಈ ದೂರು ವೈದ್ಯರನ್ನು ತಲುಪುವ ಮೊದಲು ಬಳೆಗಾರರನ್ನೋ ಸಿಂಪಿಗರನ್ನೋ ತಲುಪಿರುತ್ತದೆ. ತೋಳಿನ ಹೊಲಿಗೆಯನ್ನು ಒಂದಿಷ್ಟು ಬಿಚ್ಚಿ ಸಡಿಲಮಾಡಿಕೊಟ್ಟರೆ ಆ ಮಟ್ಟಿಗೆ ತೊಂದರೆ ತೀರಿದಂತೆ ಕಾಣುತ್ತದೆ. ‘ಕೆಲಸ ಜಾಸ್ತಿಯಾಯಿತು’, ‘ನರ ಹಿಡಿದುಕೊಂಡಿದೆ’ ಎಂದು ಬಿಸಿ ಎಣ್ಣೆ ತಿಕ್ಕಿಸಿಕೊಳ್ಳುವುದರಲ್ಲಿ ಇನ್ನೂ ಕೆಲವು ತಿಂಗಳು ಕಳೆದುಹೋಗುತ್ತವೆ.

ಇದಕ್ಕೆ ವೈದ್ಯಶಾಸ್ತ್ರ ಕೊಟ್ಟಿರುವ ಹೆಸರು ಲಿಂಫೆಡಿಮಾ. ಕನ್ನಡದಲ್ಲಿ ದುಗ್ಧರಸದ ಊತ ಎನ್ನಬಹುದು. ಇದು ತಕ್ಷಣ ಪ್ರಾಣಕ್ಕೆ ಎರವಾಗುವುದಿಲ್ಲವೆಂಬ ಕಾರಣದಿಂದ ಮನೆಯವರೂ, ಎಷ್ಟೋ ಸಲ ಆಸ್ಪತ್ರೆಯವರೂ ಹಗುರವಾಗಿ ಕಾಣುವುದುಂಟು. ಆದರೆ ಒಮ್ಮೆ ಗಟ್ಟಿಯಾಗಿ ನೆಲೆಸಿದ ಮೇಲೆ ಈ ಊತ ಜೀವಮಾನವಿಡೀ ಜೊತೆಗಿರುತ್ತದೆ. ರೊಟ್ಟಿ ಬಡಿಯುವ, ಬಟ್ಟೆ ಒಗೆಯುವ, ಕಳೆ ಕೀಳುವ, ಮೊಮ್ಮಗುವನ್ನು ಎತ್ತಿಕೊಳ್ಳುವ ಕೈ ಸೋತುಹೋಗುತ್ತದೆ. ಕಾಯಕದ ಮನೆಗಳಲ್ಲಿ ಆ ಸೋಲಿನ ಸಂಕಟ ಎಂತಹುದೆಂದು ವಿವರಿಸಬೇಕಿಲ್ಲ. ಕಾಯಿಲೆ ಎಡಬದಿಯದಾದರಂತೂ ಇಷ್ಟಲಿಂಗವನ್ನು ಹಿಡಿದು ಪೂಜಿಸುವ ಕೈಯೇ ಅದು.

ಈ ಊತವನ್ನು ಕಣ್ಣಿಗೆ ಕಾಣುವ ಮೊದಲೇ ಗುರುತಿಸಬಹುದು. ಗುರುತಿಸಿದರೆ ಬಹುಮಟ್ಟಿಗೆ ತಡೆಯಲೂಬಹುದು. ಹಾಗಿದ್ದೂ ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ ಪ್ರತಿಯೊಬ್ಬರ ತೋಳನ್ನೂ ನಿಯಮಿತವಾಗಿ ಅಳೆಯುವ ಪದ್ಧತಿ ಬಹುಪಾಲು ಕಡೆ ಏಕೆ ಬೇರೂರಿಲ್ಲ ಎಂಬುದನ್ನು ಈ ತಿಂಗಳ ಲೇಖನದಲ್ಲಿ ವಿಚಾರಿಸಹೊರಟಿದ್ದೇವೆ.

ಬಸಿಗಾಲುವೆ ಮುಚ್ಚಿದ ಹೊಲ

ದೇಹದಲ್ಲಿ ರಕ್ತನಾಳಗಳ ಜೊತೆಜೊತೆಗೇ ಇನ್ನೊಂದು ನಾಳಗಳ ಜಾಲ ಹರಡಿಕೊಂಡಿದೆ. ರಕ್ತನಾಳಗಳಿಂದ ಅಂಗಾಂಶಗಳೊಳಕ್ಕೆ ಜಿನುಗಿದ ನೀರನ್ನೂ ಪ್ರೋಟೀನನ್ನೂ ಒಟ್ಟುಗೂಡಿಸಿ ಮತ್ತೆ ರಕ್ತಕ್ಕೆ ಸೇರಿಸುವುದು ಅದರ ಕೆಲಸ. ಆ ದ್ರವವೇ ದುಗ್ಧರಸ. ದಾರಿಯಲ್ಲಿ ಅಲ್ಲಲ್ಲಿ ಹುರುಳಿಕಾಳು, ಅವರೆಕಾಳಿನಂತಹ ಗ್ರಂಥಿಗಳಿದ್ದು, ಅವು ರಸವನ್ನು ಸೋಸುತ್ತವೆ. ತೋಳು ಮತ್ತು ಸ್ತನದ ದುಗ್ಧರಸ ಮುಖ್ಯವಾಗಿ ಕಂಕುಳಿನ ಗ್ರಂಥಿಗಳ ಮೂಲಕವೇ ಸಾಗಬೇಕು.

ಸ್ತನದ ಕ್ಯಾನ್ಸರ್ ಹರಡುವಾಗ ಸಾಮಾನ್ಯವಾಗಿ ಮೊದಲು ತಲುಪುವುದೂ ಅಲ್ಲಿಗೇ. ಆದಕಾರಣ ಶಸ್ತ್ರವೈದ್ಯರು ಗಡ್ಡೆಯ ಜೊತೆಗೆ ಕಂಕುಳಿನ ಗ್ರಂಥಿಗಳನ್ನೂ ತೆಗೆಯಬೇಕಾಗುತ್ತದೆ. ಅದರ ಮೇಲೆ ವಿಕಿರಣ ಚಿಕಿತ್ಸೆಯಾದರೆ ಉಳಿದ ಸಣ್ಣ ನಾಳಗಳ ಸುತ್ತ ಗಾಯದ ಗಟ್ಟಿ ಅಂಗಾಂಶ ಬೆಳೆಯುತ್ತದೆ. ತುಂಗಭದ್ರಾ, ಕೃಷ್ಣಾ ಅಚ್ಚುಕಟ್ಟಿನ ರೈತರಿಗೆ ಮುಂದಿನದನ್ನು ಹೇಳಬೇಕಿಲ್ಲ. ಬಸಿಗಾಲುವೆ ಮುಚ್ಚಿದ ಹೊಲ ಒಂದೇ ದಿನದಲ್ಲಿ ಜವುಳಾಗುವುದಿಲ್ಲ. ಮೊದಲು ನೀರು ನಿಲ್ಲುತ್ತದೆ, ಅನಂತರ ಉಪ್ಪು ಮೇಲೇಳುತ್ತದೆ, ಕೊನೆಗೆ ಮಣ್ಣಿನ ಗುಣವೇ ಕೆಡುತ್ತದೆ. ತೋಳಿನಲ್ಲಿಯೂ ಹಾಗೆಯೇ: ಆರಂಭದಲ್ಲಿ ನಿಂತಿರುವುದು ನೀರು, ಕೈಯನ್ನು ಎತ್ತಿಟ್ಟುಕೊಂಡರೆ ಇಳಿಯುತ್ತದೆ. ತಿಂಗಳುಗಳು ಉರುಳಿದಂತೆ ನಿಂತ ಪ್ರೋಟೀನಿನಿಂದ ಉರಿಯೂತವಾಗಿ, ನಾರು ಮತ್ತು ಕೊಬ್ಬು ಬೆಳೆದು ತೋಳು ಗಟ್ಟಿಯಾಗುತ್ತದೆ. ಆಮೇಲೆ ಎತ್ತಿಟ್ಟರೂ ಇಳಿಯದು. ‘ನೀರಿನ ಮಾತ್ರೆ’ ನುಂಗಿದರೂ ಪ್ರಯೋಜನವಿಲ್ಲ.

ನಮ್ಮ ನಾಡಿಗೆ ಈ ಬಗೆಯ ಊತ ಹೊಸದೇನೂ ಅಲ್ಲ. ಕಲಬುರಗಿ, ಬೀದರ್, ಯಾದಗಿರಿ ಭಾಗದಲ್ಲಿಯೂ ಕರಾವಳಿಯಲ್ಲಿಯೂ ಆನೆಕಾಲು ರೋಗವನ್ನು ತಲೆಮಾರುಗಳಿಂದ ಕಂಡಿದ್ದೇವೆ. ಅಲ್ಲಿ ಸೊಳ್ಳೆಯಿಂದ ಬಂದ ಹುಳು ದುಗ್ಧನಾಳಗಳನ್ನು ಕೆಡಿಸುತ್ತದೆ. ಇಲ್ಲಿ ಜೀವ ಉಳಿಸಿದ ಚಿಕಿತ್ಸೆಯೇ ಅವನ್ನು ಕತ್ತರಿಸಿರುತ್ತದೆ. ಮುಂದಿನ ಕಥೆ ಎರಡರಲ್ಲಿಯೂ ಬಹಳ ಹತ್ತಿರದ್ದು. ಈ ಹೋಲಿಕೆಯ ಪ್ರಯೋಜನಕ್ಕೆ ಮುಂದೆ ಬರುತ್ತೇವೆ.

ಎಷ್ಟು ಮಂದಿಗೆ ಬರುತ್ತದೆ? 2013ರಲ್ಲಿ ‘ಲ್ಯಾನ್ಸೆಟ್ ಆಂಕಾಲಜಿ’ ಪತ್ರಿಕೆಯಲ್ಲಿ 72 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು ಪ್ರಕಟವಾಯಿತು. ಕಂಕುಳಿನ ಗ್ರಂಥಿಗಳನ್ನು ವಿಸ್ತಾರವಾಗಿ ತೆಗೆದವರಲ್ಲಿ ಶೇ. 19.9 ಮಂದಿಗೆ, ಅಂದರೆ ಐವರಲ್ಲಿ ಒಬ್ಬರಿಗೆ, ತೋಳಿನ ಊತ ಬಂದಿತ್ತು. ಮೊದಲ ಒಂದೆರಡು ಕಾವಲು ಗ್ರಂಥಿಗಳನ್ನು ಮಾತ್ರ ತೆಗೆದು ಪರೀಕ್ಷಿಸುವ ಸೆಂಟಿನೆಲ್ ವಿಧಾನದಲ್ಲಿ ಈ ಪ್ರಮಾಣ ಶೇ. 5.6. ಹೀಗಿರುವಾಗ ಎಲ್ಲರಿಗೂ ಸಣ್ಣ ಶಸ್ತ್ರಚಿಕಿತ್ಸೆಯನ್ನೇ ಮಾಡಬಾರದೇ ಎಂದು ಭಕ್ತರು ಕೇಳಬಹುದು. ಗಡ್ಡೆ ಚಿಕ್ಕದಿದ್ದು, ಕಂಕುಳು ಶುದ್ಧವಾಗಿರುವಾಗ ಬಂದವರಿಗೆ ಅದು ಸಾಧ್ಯ. ನಮ್ಮಲ್ಲಿ ಅನೇಕ ತಾಯಂದಿರು ಗಂಟು ದೊಡ್ಡದಾಗಿ, ಕಂಕುಳಿಗೂ ಹರಡಿದ ಮೇಲೆ ಆಸ್ಪತ್ರೆ ಸೇರುತ್ತಾರೆ. ಅವರಿಗೆ ದೊಡ್ಡ ಶಸ್ತ್ರಚಿಕಿತ್ಸೆ, ಕೀಮೋ, ವಿಕಿರಣ ಮೂರೂ ತಪ್ಪುವುದಿಲ್ಲ. ಊತದ ಅಪಾಯವೂ ಅವರಿಗೇ ಹೆಚ್ಚು. 2022ರ ಜಾಗತಿಕ ಅಂದಾಜಿನ ಪ್ರಕಾರ ಆ ಒಂದು ವರ್ಷದಲ್ಲಿ ಭಾರತದಲ್ಲಿ ಹೊಸದಾಗಿ ಸ್ತನ ಕ್ಯಾನ್ಸರ್ ಕಂಡುಬಂದವರು ಸುಮಾರು 1 ಲಕ್ಷ 92 ಸಾವಿರ ಮಂದಿ. ಬದುಕುಳಿಯುವವರು ಹೆಚ್ಚಿದಂತೆ ಈ ಊತದೊಡನೆ ಬದುಕಬೇಕಾದವರೂ ಹೆಚ್ಚುತ್ತಾರೆ. ಸ್ಥೂಲಕಾಯದವರಲ್ಲಿ ಇದರ ಸಂಭವ ಮತ್ತಷ್ಟು ಅಧಿಕ.

ಕಣ್ಣಿಗೆ ಕಾಣದ ಹಂತ

ಊತ ಬರುವುದು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯಾದ ಎರಡು ಮೂರು ವರ್ಷಗಳೊಳಗೆ. ವೈದ್ಯರು ಅದನ್ನು ಸೊನ್ನೆಯಿಂದ ಮೂರರವರೆಗೆ ನಾಲ್ಕು ಹಂತಗಳಾಗಿ ಎಣಿಸುತ್ತಾರೆ. ಸೊನ್ನೆಯ ಹಂತವೆಂದರೆ ರಸದ ಹರಿವು ಕುಂಠಿತವಾಗಿದ್ದರೂ ತೋಳು ಕಣ್ಣಿಗೆ ಎಂದಿನಂತೆಯೇ ಕಾಣುವ ಕಾಲ. ಭಾರ, ಬಿಗಿತ, ಜೋಮು ಮಾತ್ರ ಇರಬಹುದು, ಅವೂ ಇಲ್ಲದಿರಬಹುದು. ನಿಯಮಿತ ತಪಾಸಣೆಯ ಗುರಿ ಈ ಸೊನ್ನೆಯ ಹಂತವನ್ನೂ ಒಂದನೆಯ ಹಂತದ ಆರಂಭವನ್ನೂ ಹಿಡಿಯುವುದು.

ಹಿಡಿದರೆ ಫಲವುಂಟೇ? ಅಮೆರಿಕದ ಬೆಥೆಸ್ಡಾದಲ್ಲಿರುವ ನೌಕಾಪಡೆಯ ಆಸ್ಪತ್ರೆಯಲ್ಲಿ 196 ಮಹಿಳೆಯರ ತೋಳುಗಳನ್ನು ಶಸ್ತ್ರಚಿಕಿತ್ಸೆಗೆ ಮುನ್ನವೇ ಅಳೆದಿಟ್ಟುಕೊಂಡು, ಆಮೇಲೆ ಮೂರು ತಿಂಗಳಿಗೊಮ್ಮೆ ಅಳೆಯುತ್ತ ಬಂದರು. 2008ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ 43 ಮಂದಿಯಲ್ಲಿ ಊತ ಆರಂಭವಾಗಿತ್ತು. ಆಗ ತೋಳಿನ ಗಾತ್ರ ಹೆಚ್ಚಿದ್ದುದು ಸರಾಸರಿ 83 ಮಿಲಿಲೀಟರ್, ಅಂದರೆ ಅರ್ಧ ಲೋಟಕ್ಕಿಂತಲೂ ಕಡಿಮೆ ನೀರಿನಷ್ಟು. ಸಾಮಾನ್ಯ ಬಿಗಿತದ ತೋಳುಗವಸನ್ನು ಸುಮಾರು ನಾಲ್ಕು ವಾರ ಹಗಲಿನಲ್ಲಿ ತೊಟ್ಟಾಗ ಸರಾಸರಿ 48 ಮಿಲಿಲೀಟರಿನಷ್ಟು ಇಳಿಯಿತು. ಲೀಟರುಗಟ್ಟಲೆ ಊದಿ ಗಟ್ಟಿಯಾದ ತೋಳಿಗೆ ತಿಂಗಳುಗಟ್ಟಲೆ ಪಟ್ಟಿ ಸುತ್ತಿ ಪಡುವ ಪಾಡಿನೊಡನೆ ಇದನ್ನು ಹೋಲಿಸಿ ನೋಡಬೇಕು.

ನಮ್ಮ ದೇಶದ್ದೇ ಆದ ಸಾಕ್ಷ್ಯವೂ ಇದೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಹೆಚ್ಚಿನ ಅಪಾಯವಿರುವ ಸುಮಾರು 300 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಊತ ಬರುವ ಮೊದಲೇ ತೋಳುಗವಸನ್ನು ಕೊಟ್ಟು ನೋಡಿದರು. 2022ರಲ್ಲಿ ಪ್ರಕಟವಾದ ಫಲಿತಾಂಶದಂತೆ ಒಂದು ವರ್ಷದ ಕೊನೆಗೆ ತೋಳಿನ ಗಾತ್ರ ಹೆಚ್ಚಿದವರು ಗವಸು ತೊಟ್ಟವರಲ್ಲಿ ಶೇ. 14, ತೊಡದವರಲ್ಲಿ ಶೇ. 25. ನಮ್ಮ ಸೆಕೆಯಲ್ಲಿ, ನಮ್ಮ ಹೆಣ್ಣುಮಕ್ಕಳು ಇಂತಹದನ್ನು ತೊಡಲಾರರು ಎಂಬ ಮಾತಿಗೆ ಈ ಅಧ್ಯಯನ ತಕ್ಕಮಟ್ಟಿಗೆ ಉತ್ತರ ಕೊಟ್ಟಿದೆಯೆಂದು ನಮ್ಮ ಅಭಿಪ್ರಾಯ.

ಆಸ್ಪತ್ರೆಯಲ್ಲಿ ಅಡ್ಡಿಗಳೇನು

ಮೊದಲ ಅಡ್ಡಿ ಅತ್ಯಂತ ಸರಳವಾದುದು. ಅದೇ ಅತ್ಯಂತ ದೊಡ್ಡದು. ಶಸ್ತ್ರಚಿಕಿತ್ಸೆಗೆ ಮುನ್ನ ತೋಳನ್ನು ಅಳೆದಿರುವುದಿಲ್ಲ. ಯಾರ ಎರಡು ಕೈಗಳೂ ಸಮವಾಗಿರುವುದಿಲ್ಲ. ದುಡಿಯುವ ಬಲಗೈ ಎಡಗೈಗಿಂತ ಒಂದಿಷ್ಟು ದಪ್ಪ. ಬಲಬದಿಯಲ್ಲಿ ಶಸ್ತ್ರಚಿಕಿತ್ಸೆಯಾದ ತಾಯಿಯೊಬ್ಬರ ಬಲತೋಳು ವರ್ಷದ ನಂತರ ಎಡತೋಳಿಗಿಂತ ಶೇ. 6ರಷ್ಟು ದಪ್ಪವಿದೆಯೆಂದಿಟ್ಟುಕೊಳ್ಳೋಣ. ಮೊದಲೇ ಶೇ. 5ರಷ್ಟು ದಪ್ಪವಿದ್ದರೆ ಗಾಬರಿಗೆ ಕಾರಣವಿಲ್ಲ. ಮೊದಲು ಎರಡೂ ಸಮವಿದ್ದರೆ ಚಿಕಿತ್ಸೆ ಆರಂಭಿಸುವ ಕಾಲ ಬಂದಿದೆ. ಹಳೆಯ ಅಳತೆಯಿಲ್ಲದೆ ಇವೆರಡರಲ್ಲಿ ಯಾವುದೆಂದು ಯಾವ ತಜ್ಞರೂ ಹೇಳಲಾರರು. ಕ್ಯಾನ್ಸರ್ ಎಂಬ ಮಾತು ಕಿವಿಗೆ ಬಿದ್ದ ಕ್ಷಣದಿಂದ ಮನೆಯವರಿಗೂ ವೈದ್ಯರಿಗೂ ಅವಸರ. ಆ ಅವಸರದಲ್ಲಿ ರಕ್ತ, ಸ್ಕ್ಯಾನ್, ಹೃದಯದ ಪರೀಕ್ಷೆ ಎಲ್ಲವೂ ನಡೆಯುತ್ತವೆ, ಟೇಪು ಹಿಡಿಯುವ ಐದು ಹತ್ತು ನಿಮಿಷ ಮಾತ್ರ ಸಿಗುವುದಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯವರು 2005ರಿಂದ ನಡೆಸಿಕೊಂಡು ಬಂದಿರುವ ತಪಾಸಣೆಯ ಬೆನ್ನೆಲುಬೇ ಈ ಮುಂಗಡ ಅಳತೆ.

ಎರಡನೆಯದು, ಅಳೆಯುವುದು ಯಾರ ಕೆಲಸ ಎಂಬ ಪ್ರಶ್ನೆ. ಶಸ್ತ್ರವೈದ್ಯರು ಗಾಯವನ್ನು ನೋಡುತ್ತಾರೆ. ಕೀಮೋ ವೈದ್ಯರು ರಕ್ತದ ವರದಿಯನ್ನು ನೋಡುತ್ತಾರೆ. ವಿಕಿರಣ ವಿಭಾಗದವರು ಚರ್ಮ ಸುಟ್ಟಿದೆಯೇ ಎಂದು ನೋಡುತ್ತಾರೆ. ಫಿಸಿಯೋಥೆರಪಿ ವಿಭಾಗ ಇನ್ನೊಂದು ಮಹಡಿಯಲ್ಲೋ ಇನ್ನೊಂದು ಕಟ್ಟಡದಲ್ಲೋ ಇದ್ದು, ಕಳುಹಿಸಿದವರನ್ನಷ್ಟೇ ನೋಡುತ್ತದೆ. ತೋಳು ಈ ನಾಲ್ಕು ಬಾಗಿಲುಗಳ ನಡುವಿನ ಪಡಸಾಲೆಯಲ್ಲಿ ಉಳಿದುಬಿಡುತ್ತದೆ. ಯಾರೂ ಉದಾಸೀನರೆಂದು ನಾವು ಹೇಳುತ್ತಿಲ್ಲ. ಹೊರರೋಗಿ ವಿಭಾಗದಲ್ಲಿ ಒಂದು ದಿನ 40 ಮಂದಿ ಮರುಭೇಟಿಗೆ ಬಂದರೆಂದೂ, ಒಬ್ಬೊಬ್ಬರ ಎರಡು ತೋಳುಗಳನ್ನು ಅಳೆದು ಬರೆದಿಡಲು 10 ನಿಮಿಷವೆಂದೂ ಲೆಕ್ಕ ಹಿಡಿದರೆ 400 ನಿಮಿಷಗಳಾಗುತ್ತವೆ. ಒಬ್ಬ ಸಿಬ್ಬಂದಿಯ ಇಡೀ ದಿನದ ಕೆಲಸ ಅದು. ‘ಇನ್ನು ಮುಂದೆ ಎಲ್ಲರನ್ನೂ ಅಳೆಯತಕ್ಕದ್ದು’ ಎಂದು ಸುತ್ತೋಲೆ ಹೊರಡಿಸಿ, ಅದಕ್ಕೊಬ್ಬರನ್ನು ನೇಮಿಸದೆ ಹೋದರೆ ಮೂರನೆಯ ವಾರಕ್ಕೆ ಆ ಕಾಗದದ ಅಂಕಣ ಖಾಲಿ ಉಳಿಯತೊಡಗುತ್ತದೆ.

ಮೂರನೆಯದು ಅಳತೆಯ ನಿಖರತೆ. ಇದನ್ನು ಒಂದಿಷ್ಟು ಬಿಡಿಸಿ ಹೇಳಬೇಕು, ಏಕೆಂದರೆ ಟೇಪಿನ ಅಳತೆ ಯಾರಿಗಾದರೂ ಬರುತ್ತದೆಂಬ ಭಾವನೆಯಿದೆ. ಎರಡು ತೋಳುಗಳ ಸುತ್ತಳತೆಯಲ್ಲಿ 2 ಸೆಂಟಿಮೀಟರ್ ವ್ಯತ್ಯಾಸ ಬಂದರೆ ಊತವೆಂದು ಪರಿಗಣಿಸುವುದು ಹಳೆಯ ರೂಢಿ. ಮೊಣಕೈಯ ಹತ್ತಿರದ 10 ಸೆಂಟಿಮೀಟರ್ ಉದ್ದದ ಒಂದು ಭಾಗವನ್ನು ತೆಗೆದುಕೊಳ್ಳೋಣ. ಕೆಳಗಡೆ ಸುತ್ತಳತೆ 22, ಮೇಲ್ಗಡೆ 26 ಸೆಂಟಿಮೀಟರ್ ಇದ್ದರೆ ಅದರ ಗಾತ್ರ ಸುಮಾರು 460 ಮಿಲಿಲೀಟರ್. ಸುತ್ತಳತೆ ಎರಡೂ ಕಡೆ ಒಂದೇ ಒಂದು ಸೆಂಟಿಮೀಟರ್ ಹೆಚ್ಚಿದರೆ ಗಾತ್ರ ಸುಮಾರು 498 ಮಿಲಿಲೀಟರಿಗೇರುತ್ತದೆ, ಶೇ. 8ಕ್ಕೂ ಮಿಕ್ಕಿದ ಏರಿಕೆ. ಇಂದು ಶೇ. 5ರಿಂದ 10ರ ನಡುವಿನ ಏರಿಕೆಯನ್ನೇ ಎಚ್ಚರಿಕೆಯ ಗಂಟೆಯೆಂದು ಭಾವಿಸುವುದರಿಂದ, 2 ಸೆಂಟಿಮೀಟರಿಗೆ ಕಾಯುವುದೆಂದರೆ ತಡವಾಗುವವರೆಗೆ ಕಾಯುವುದೇ ಸರಿ. ಇದೇ ಲೆಕ್ಕದ ಇನ್ನೊಂದು ಮುಖವೂ ಉಂಟು. ಅಳೆಯುವವರು ಟೇಪನ್ನು ಅರ್ಧ ಸೆಂಟಿಮೀಟರಿನಷ್ಟು ಸಡಿಲ ಬಿಟ್ಟರೆ ಗಾತ್ರದಲ್ಲಿ ಶೇ. 4ರ ಸುಳ್ಳು ಏರಿಕೆ ಕಂಡುಬರುತ್ತದೆ. ಇಂದು ಒಬ್ಬರು ಬಿಗಿಯಾಗಿ, ಮೂರು ತಿಂಗಳ ಮೇಲೆ ಇನ್ನೊಬ್ಬರು ಸಡಿಲವಾಗಿ ಅಳೆದರೆ ಇಲ್ಲದ ಊತ ಹುಟ್ಟುತ್ತದೆ, ಇರುವ ಊತ ಮರೆಯಾಗುತ್ತದೆ.

ಈ ತೊಡಕನ್ನು ನೀಗಿಸಲು ತೋಳಿನ ದ್ರವವನ್ನು ಅತಿ ಸಣ್ಣ ವಿದ್ಯುತ್ತಿನಿಂದ ಅಳೆಯುವ ಯಂತ್ರಗಳು ಬಂದಿವೆ. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ನಡೆದು 2022ರಲ್ಲಿ ಅಂತಿಮ ಫಲಿತಾಂಶ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಯಂತ್ರದಿಂದ ಆರಂಭದ ಊತ ಪತ್ತೆಯಾಗಿ ತೋಳುಗವಸು ತೊಟ್ಟವರಲ್ಲಿ ಶೇ. 7.9 ಮಂದಿಗೆ, ಟೇಪಿನಿಂದ ಪತ್ತೆಯಾಗಿ ತೊಟ್ಟವರಲ್ಲಿ ಶೇ. 19.2 ಮಂದಿಗೆ ಊತ ಮುಂದುವರಿಯಿತು. ಯಂತ್ರದ ಮೇಲುಗೈಯನ್ನು ಅಲ್ಲಗಳೆಯುವಂತಿಲ್ಲ. ಆದರೂ ಯಂತ್ರ ಬರುವವರೆಗೆ ಏನನ್ನೂ ಮಾಡದೆ ಕೂರಲು ಇದನ್ನು ನೆಪವಾಗಿಸಬಾರದು. ಟೇಪಿನಿಂದ ಹಿಡಿದವರಲ್ಲಿಯೂ ಐವರಲ್ಲಿ ನಾಲ್ವರು ಮುಂದಿನ ಹಂತದಿಂದ ಪಾರಾಗಿದ್ದಾರೆಂಬುದನ್ನು ಗಮನಿಸಬೇಕು.

ಪತ್ತೆಯಾದ ಮೇಲೆ

ಜನರಲ್ಲಿ ರೋಗವನ್ನು ಹುಡುಕಿಕೊಂಡು ಹೋಗುವುದಕ್ಕೆ ಯಾವ ನಿಯಮಗಳಿರಬೇಕೆಂಬ ಬಗ್ಗೆ ವಿಲ್ಸನ್ ಮತ್ತು ಯುಂಗ್ನರ್ ಎಂಬ ಇಬ್ಬರು ಬರೆದ ಪುಸ್ತಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1968ರಲ್ಲಿ ಪ್ರಕಟಿಸಿತು. ಪತ್ತೆಯಾದವರಿಗೆ ಚಿಕಿತ್ಸೆ ದೊರೆಯುವ ಏರ್ಪಾಡು ಇರಬೇಕೆಂಬುದು ಅದರ ಮುಖ್ಯ ನಿಯಮಗಳಲ್ಲೊಂದು. ತೋಳಿನ ತಪಾಸಣೆ ಮುಗ್ಗರಿಸುವುದು ಇಲ್ಲಿಯೇ. ಅಳತೆಯಲ್ಲಿ ಊತ ಕಂಡಿತು, ಮುಂದೇನು? ಸರಿಯಾದ ಅಳತೆಯ ಗವಸು ಬೇಕು, ಒಗೆದು ಹಾಕಿಕೊಳ್ಳಲು ಎರಡು ಬೇಕು, ಆರು ತಿಂಗಳಾಗುವಷ್ಟರಲ್ಲಿ ಬಿಗಿ ತಗ್ಗುವುದರಿಂದ ಹೊಸದು ಬೇಕು. ಊತ ಹೆಚ್ಚಿದ್ದರೆ ವಾರಗಟ್ಟಲೆ ಪಟ್ಟಿ ಸುತ್ತುವ ತರಬೇತಾದ ಕೈ ಬೇಕು. ಅಂತಹ ಕೈಗಳು ದೊಡ್ಡ ನಗರಗಳ ಹೊರಗೆ ವಿರಳ. ಔಷಧದಂಗಡಿಯಿಂದ ಅಂದಾಜಿನ ಮೇಲೆ ಕೊಂಡು ತಂದ ಗವಸು ಮೇಲ್ತುದಿಯಲ್ಲಿ ದಾರ ಕಟ್ಟಿದಂತೆ ಬಿಗಿದು, ಮುಂಗೈಯನ್ನು ಊದಿಸಿ, ಇದ್ದ ತೊಂದರೆಯನ್ನು ಇಮ್ಮಡಿಸುವುದೂ ಉಂಟು.

ಸಿರಿವಂತ ದೇಶಗಳೂ ಇದರಲ್ಲಿ ಹಿಂದೆಯೇ ಇದ್ದವು. ಅಮೆರಿಕದ ಹಿರಿಯ ನಾಗರಿಕರ ಸರಕಾರಿ ಆರೋಗ್ಯ ವಿಮೆ ಈ ಗವಸುಗಳ ವೆಚ್ಚವನ್ನು ಭರಿಸತೊಡಗಿದ್ದು 2024ರ ಜನವರಿಯಿಂದ. ಅದಕ್ಕೂ ಸಂಸತ್ತಿನಲ್ಲಿ ಪ್ರತ್ಯೇಕ ಕಾಯಿದೆಯೇ ಆಗಬೇಕಾಯಿತು. ನಮ್ಮಲ್ಲಿ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಚಿಕಿತ್ಸೆ ಪಡೆಯುವವರು ಗವಸು ಮತ್ತು ಫಿಸಿಯೋಥೆರಪಿ ಅದರಲ್ಲಿ ಸೇರುತ್ತವೆಯೇ ಎಂಬುದನ್ನು ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರಲ್ಲಿ ಶಸ್ತ್ರಚಿಕಿತ್ಸೆಗೆ ಮುನ್ನವೇ ಕೇಳಿ ತಿಳಿದುಕೊಳ್ಳುವುದು ಲೇಸು.

ದೂರದ ಸಂಗತಿಯನ್ನೂ ಮರೆಯುವಂತಿಲ್ಲ. ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ಅಳೆಯಬೇಕೆಂಬುದು ತಜ್ಞರ ಸಲಹೆ. ಸುರಪುರದಿಂದಲೋ ಔರಾದಿನಿಂದಲೋ ಬೆಂಗಳೂರಿಗೆ ಬಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ತಾಯಿ, ನೋವಿಲ್ಲದ ತೋಳನ್ನು ಅಳೆಯಿಸಲೆಂದು ಮಗನ ಎರಡು ದಿನದ ಕೂಲಿ ಬಿಡಿಸಿ ರಾತ್ರಿ ಬಸ್ಸು ಹತ್ತುವುದಿಲ್ಲ. ಹತ್ತಬೇಕೆಂದು ನಾವು ಹೇಳುವುದೂ ನ್ಯಾಯವಲ್ಲ. ಅಳತೆಯೇ ಅವರ ಸಮೀಪಕ್ಕೆ ಹೋಗಬೇಕು.

ಆನೆಕಾಲಿನ ಹೋಲಿಕೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಆನೆಕಾಲು ನಿರ್ಮೂಲನ ಕಾರ್ಯಕ್ರಮದಲ್ಲಿ ಊದಿದ ಕಾಲನ್ನು ಸೋಪಿನಿಂದ ತೊಳೆದು, ಬೆರಳ ಸಂದುಗಳನ್ನು ಒರೆಸಿ ಒಣಗಿಸಿ, ಸೋಂಕು ಬಾರದಂತೆ ಕಾಯುವ ಕ್ರಮವನ್ನು ಆರೋಗ್ಯ ಕಾರ್ಯಕರ್ತೆಯರು ರೋಗಿಗಳಿಗೆ ಕಲಿಸುತ್ತ ಬಂದಿದ್ದಾರೆ. ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯವರು ಆಯುರ್ವೇದ, ಯೋಗ ಮತ್ತು ಒತ್ತುಪಟ್ಟಿಗಳನ್ನು ಸೇರಿಸಿ, ಮನೆಯಲ್ಲಿಯೇ ಮುಂದುವರಿಸಬಹುದಾದ ಆರೈಕೆಯನ್ನು ರೂಪಿಸಿದ್ದಾರೆ. ಕಾಲಿನ ಊತವನ್ನು ಬಲ್ಲ ಇಂತಹ ಕೈಗಳಿಗೆ ತೋಳಿನ ಊತವನ್ನು ಕಲಿಸುವುದು ಕಷ್ಟವಾಗಲಾರದು. ದೊಡ್ಡ ಆಸ್ಪತ್ರೆ ಶಸ್ತ್ರಚಿಕಿತ್ಸೆಗೆ ಮುನ್ನ ಅಳೆದು ಬಿಡುಗಡೆ ಪತ್ರದಲ್ಲಿ ಅಂಕಿಗಳನ್ನು ಬರೆದುಕೊಟ್ಟರೆ, ಸಕ್ಕರೆ ಕಾಯಿಲೆ, ರಕ್ತದೊತ್ತಡ ನೋಡುವ ತಾಲ್ಲೂಕು ಆಸ್ಪತ್ರೆಯ ಕೊಠಡಿಯಲ್ಲಿಯೇ ಮುಂದಿನ ಅಳತೆಗಳಾಗಬಹುದು. ಹೆಚ್ಚು ಕಂಡವರನ್ನು ಮಾತ್ರ ಮೇಲಕ್ಕೆ ಕಳುಹಿಸಿದರಾಯಿತು. ಊರೂರುಗಳ ಅಕ್ಕನ ಬಳಗಗಳಲ್ಲಿ ಒಬ್ಬಿಬ್ಬರು ಸೋದರಿಯರು ಟೇಪು ಹಿಡಿಯುವ ಕ್ರಮವನ್ನು ಫಿಸಿಯೋಥೆರಪಿಸ್ಟರಿಂದ ಕಲಿತುಕೊಂಡರೆ ಇನ್ನೂ ಒಳಿತು. ಎದೆಯ ಕಾಯಿಲೆಯನ್ನು ಮನೆಯ ಗಂಡಸರ ಮುಂದೆ ಹೇಳಲಾರದ ತಾಯಂದಿರು ಇನ್ನೊಬ್ಬ ಶರಣೆಯ ಮುಂದೆ ಕೈಚಾಚಲು ಹಿಂಜರಿಯುವುದಿಲ್ಲ.

ಮನೆಯಲ್ಲಿ ಅಳೆಯುವ ಕ್ರಮ

ಬೇಕಾದುದು ಬಟ್ಟೆ ಹೊಲಿಯುವವರ ಬಳಿಯಿರುವಂತಹ ಮೆತ್ತನೆಯ ಟೇಪು ಮತ್ತು ಒಂದು ಪುಸ್ತಕ. ಹಿಗ್ಗಿದ ಹಳೆಯ ಟೇಪು ಬೇಡ. ಶಸ್ತ್ರಚಿಕಿತ್ಸೆಯ ದಿನಾಂಕ ನಿಗದಿಯಾದ ಕೂಡಲೇ ಮೊದಲ ಅಳತೆ ಆಗಬೇಕು. ಕೈಯನ್ನು ಮೇಜಿನ ಮೇಲೆ ಅಂಗೈ ಕೆಳಗಾಗಿ ಚಾಚಿ, ಮಣಿಕಟ್ಟಿನಲ್ಲಿ ಕಿರುಬೆರಳ ಬದಿಗಿರುವ ಮೂಳೆಯ ಉಬ್ಬಿನಿಂದ ಆರಂಭಿಸಿ ಪ್ರತಿ 10 ಸೆಂಟಿಮೀಟರಿಗೊಂದು ಗುರುತನ್ನು ಪೆನ್ನಿನಿಂದ ಹಾಕಿಕೊಂಡು, ಮೇಲ್ದೋಳಿನವರೆಗೆ ಪ್ರತಿ ಗುರುತಿನಲ್ಲೂ ಸುತ್ತಳತೆ ತೆಗೆಯಬೇಕು. ಟೇಪು ಚರ್ಮಕ್ಕೆ ತಾಗಿರಬೇಕು, ಒಳಕ್ಕೆ ಒತ್ತಬಾರದು. ಎರಡೂ ಕೈಗಳನ್ನು ಅಳೆಯಲೇಬೇಕು. ಚಿಕಿತ್ಸೆಯ ಕಾಲದಲ್ಲಿ ಮೈತೂಕ ಹೆಚ್ಚಿದರೆ ಎರಡೂ ದಪ್ಪವಾಗುತ್ತವೆ, ಊತವಾದರೆ ಒಂದೇ. ಅಳೆಯುವವರು ಪ್ರತಿ ಸಲವೂ ಒಬ್ಬರೇ ಆಗಿರಲಿ, ಹೊತ್ತೂ ಒಂದೇ ಆಗಿರಲಿ. ತೂಕವನ್ನೂ ಪಕ್ಕದಲ್ಲಿ ಬರೆದಿಡಬೇಕು. ಯಾವುದೇ ಗುರುತಿನಲ್ಲಿ ಶಸ್ತ್ರಚಿಕಿತ್ಸೆಯಾದ ಬದಿ ಮಾತ್ರ ಒಂದು ಸೆಂಟಿಮೀಟರ್ ಹೆಚ್ಚಿದ್ದರೆ ವಾರದ ನಂತರ ಮತ್ತೊಮ್ಮೆ ಅಳೆದು, ಹಾಗೆಯೇ ಇದ್ದರೆ ಪುಸ್ತಕದೊಡನೆ ವೈದ್ಯರನ್ನು ಕಾಣಬೇಕು. ಬಳೆಯನ್ನೇ ನಂಬಿ ಕೂರಬಾರದು, ಮೊಣಕೈಯ ಸುತ್ತ ಊದಿದರೆ ಬಳೆಗೆ ಅದು ತಿಳಿಯುವುದೇ ಇಲ್ಲ.

ಕಂಡ ಊತವೆಲ್ಲ ಲಿಂಫೆಡಿಮಾ ಅಲ್ಲ. ಡೋಸಿಟ್ಯಾಕ್ಸೆಲ್‌ನಂತಹ ಕೀಮೋ ಔಷಧದಿಂದ ಮೈಯೆಲ್ಲ ನೀರು ತುಂಬಬಹುದು. ಅದು ತಾನಾಗಿಯೇ ಇಳಿಯುವುದುಂಟು. ಒಂದೆರಡು ದಿನಗಳಲ್ಲಿ ದಿಢೀರನೆ ತೋಳು ಊದಿ ನೋಯತೊಡಗಿದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು, ಅಪರೂಪಕ್ಕೆ ಕ್ಯಾನ್ಸರೇ ಕಂಕುಳಿಗೆ ಮರಳಿರಬಹುದು. ಆಗ ಗವಸಿನ ವಿಚಾರವನ್ನು ಬದಿಗಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಭಯದ ಬಗ್ಗೆ ಒಂದು ಮಾತು. ‘ಇನ್ನು ಆ ಕೈಯಲ್ಲಿ ಏನನ್ನೂ ಎತ್ತಬೇಡ’ ಎಂಬ ಉಪದೇಶ ಇಂದಿಗೂ ಮನೆಮನೆಗಳಲ್ಲಿ ಕೇಳಿಬರುತ್ತದೆ. 2009ರಲ್ಲಿ ಅಮೆರಿಕದ 141 ಮಹಿಳೆಯರ ಮೇಲೆ ನಡೆದ ಅಧ್ಯಯನವೊಂದರಲ್ಲಿ, ಈಗಾಗಲೇ ಊತವಿದ್ದವರೂ ತರಬೇತುದಾರರ ಕಣ್ಗಾವಲಿನಲ್ಲಿ ಸ್ವಲ್ಪಸ್ವಲ್ಪವಾಗಿ ಭಾರ ಹೆಚ್ಚಿಸುತ್ತ ವ್ಯಾಯಾಮ ಮಾಡಿದಾಗ ಊತ ಬೆಳೆಯಲಿಲ್ಲ. ಊತ ಉಲ್ಬಣಿಸಿದವರ ಪ್ರಮಾಣ ವ್ಯಾಯಾಮ ಮಾಡಿದವರಲ್ಲಿಯೇ ಕಡಿಮೆಯಿತ್ತು. ಸ್ನಾಯು ಕುಗ್ಗಿ ಹಿಗ್ಗುವುದೇ ದುಗ್ಧರಸವನ್ನು ಮೇಲಕ್ಕೆ ತಳ್ಳುವ ಪಂಪು. ಕೈಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತರೆ ಆ ಪಂಪೂ ನಿಲ್ಲುತ್ತದೆ. ರಕ್ತ ತೆಗೆಯಲು, ರಕ್ತದೊತ್ತಡ ನೋಡಲು ಇನ್ನೊಂದು ಕೈಯನ್ನು ಕೊಡುವುದು ರೂಢಿ, ಅದರಲ್ಲಿ ತಪ್ಪಿಲ್ಲ. ಆದರೆ ತುರ್ತಿನಲ್ಲಿ ಆ ಕೈಗೇ ಸೂಜಿ ಚುಚ್ಚಿದರೆಂದು ದಿಗಿಲುಪಡಬೇಕಾಗಿಲ್ಲ. ಮ್ಯಾಸಚೂಸೆಟ್ಸಿನ ಮೇಲೆ ಹೇಳಿದ ಆಸ್ಪತ್ರೆಯವರು 632 ಮಹಿಳೆಯರನ್ನು ಅಳೆಯುತ್ತ ಬಂದು, ಅಂತಹ ಸೂಜಿಗೂ ಊತಕ್ಕೂ ಸಂಬಂಧ ಕಾಣಲಿಲ್ಲವೆಂದು 2016ರಲ್ಲಿ ವರದಿ ಮಾಡಿದ್ದಾರೆ.

ಎಡಗೈಯಲ್ಲಿ ಇಷ್ಟಲಿಂಗವನ್ನು ಹಿಡಿದು ಪೂಜಿಸಬಹುದೇ ಎಂದು ಕೇಳುವವರಿದ್ದಾರೆ. ಅವಶ್ಯವಾಗಿ ಪೂಜಿಸಬಹುದು. ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿಯುವುದು ತೋಳಿಗೆ ಅಹಿತವಲ್ಲ. ದಣಿವಾದರೆ ಮೊಣಕೈಯ ಕೆಳಗೆ ದಿಂಬಿನ ಆಸರೆ ಕೊಟ್ಟುಕೊಳ್ಳಬಹುದು, ನಡುನಡುವೆ ಬಲಗೈಯ ನೆರವು ಪಡೆದು ಬೆರಳುಗಳನ್ನು ಮಡಿಸಿ ಬಿಡಿಸಬಹುದು. ಶಿವದಾರ, ಕರಡಿಗೆಗಳು ವಿಕಿರಣ ಚಿಕಿತ್ಸೆಯಾಗುತ್ತಿರುವ ಚರ್ಮಕ್ಕೆ ಉಜ್ಜುತ್ತಿದ್ದರೆ ವಿಕಿರಣ ವಿಭಾಗದವರಿಗೆ ತಿಳಿಸಿ ಅವರ ಸಲಹೆಯಂತೆ ನಡೆಯಬೇಕು.

ಕೊನೆಯದಾಗಿ ಸೋಂಕಿನ ವಿಚಾರ. ಊತವಿರುವ ತೋಳಿಗೆ ಮುಳ್ಳು ಚುಚ್ಚಿದರೆ, ಒಲೆಯ ಬಿಸಿ ತಾಗಿದರೆ, ಉಗುರುಸುತ್ತಾದರೆ ಅಲ್ಲಿಂದ ಸೋಂಕು ಬೇಗ ಹಬ್ಬುತ್ತದೆ. ಕಳೆ ಕೀಳುವಾಗ ಕೈಗವಸು ಇರಲಿ, ಸಣ್ಣ ಗಾಯವನ್ನೂ ಸೋಪಿನಿಂದ ತೊಳೆದು ಒಣಗಿಸಿ ಔಷಧ ಹಚ್ಚಬೇಕು, ದಿನಕ್ಕೊಮ್ಮೆ ಕೊಬ್ಬರಿ ಎಣ್ಣೆಯನ್ನೋ ಮುಲಾಮನ್ನೋ ಸವರಿ ಚರ್ಮ ಬಿರಿಯದಂತೆ ನೋಡಿಕೊಳ್ಳಬೇಕು. ತೋಳು ಕೆಂಪಾಗಿ, ಬಿಸಿಯಾಗಿ, ಚಳಿಜ್ವರ ಬಂದರೆ ಅಂದೇ ವೈದ್ಯರನ್ನು ಕಾಣಬೇಕು, ಬೆಳಗಿನವರೆಗೆ ಕಾಯಬಾರದು. ಅವರು ಕೊಟ್ಟ ಆಂಟಿಬಯೋಟಿಕ್ ಮಾತ್ರೆಗಳನ್ನು ಜ್ವರ ಇಳಿಯಿತೆಂದು ನಡುವೆ ನಿಲ್ಲಿಸದೆ ಮುಗಿಸಬೇಕು. ಕೆಂಪು, ನೋವು ಇರುವಷ್ಟು ದಿನ ಗವಸನ್ನು ತೆಗೆದಿರಿಸಿ, ವೈದ್ಯರು ಹೇಳಿದ ಮೇಲೆ ಮತ್ತೆ ತೊಡಬೇಕು. ಪ್ರತಿಯೊಂದು ಸೋಂಕಿನ ನಂತರ ಊತ ಒಂದು ಮೆಟ್ಟಿಲು ಏರಿರುವ ಸಂಭವವಿರುವುದರಿಂದ, ಆ ವಾರ ಎರಡೂ ತೋಳುಗಳನ್ನು ಮತ್ತೊಮ್ಮೆ ಅಳೆದು ದಿನಾಂಕದೊಡನೆ ಪುಸ್ತಕದಲ್ಲಿ ಬರೆದಿಡಬೇಕು.